ಸಿಂಗಲ್ ಓನರ್ ಗಾಡಿಯೋ, ಕಡಿಮೆ ಓಡಿದ ಗಾಡಿಯೋ? ಹಳೆ ಕಾರು ಕೊಳ್ಳುವಾಗ ಯಾವುದಕ್ಕೆ ಎಷ್ಟು ತೂಕ

ಒಂದೇ ಕಂಪನಿಯ, ಒಂದೇ ವರ್ಷದ ಎರಡು ಪೆಟ್ರೋಲ್ ಹ್ಯಾಚ್‌ಬ್ಯಾಕ್‌ಗಳು ಮಾರಾಟಕ್ಕಿವೆ ಅಂದುಕೊಳ್ಳಿ. ಎರಡಕ್ಕೂ ಏಳು ವರ್ಷ. ಒಂದು ಮೈಸೂರಿನದು, ಕೆಎ-55 ನಂಬರು, ಸಿಂಗಲ್ ಓನರ್, ಮೀಟರ್‌ನಲ್ಲಿ 38,000 ಕಿ.ಮೀ. ಇನ್ನೊಂದು ಮಂಡ್ಯದ್ದು, ಕೆಎ-11, ಸೆಕೆಂಡ್ ಓನರ್, 82,000 ಕಿ.ಮೀ., ಬೆಲೆ ನಲವತ್ತು ಸಾವಿರ ಕಡಿಮೆ. ಹೆಚ್ಚಿನವರು ಎರಡನೆಯದನ್ನು ನೋಡಲೂ ಹೋಗುವುದಿಲ್ಲ. ನೋಡಬೇಕು. ಎಷ್ಟೋ ಸಲ ಅದೇ ಒಳ್ಳೆಯ ಗಾಡಿಯಾಗಿರುತ್ತದೆ.

ಈ ಎರಡು ಅಂಕಿಗಳು ಬೇರೆ ಬೇರೆ ವಿಷಯ ಹೇಳುತ್ತವೆ. ಓನರ್ ಸಂಖ್ಯೆ ಮುಖ್ಯವಾಗಿ ದುಡ್ಡಿನ ಲೆಕ್ಕ: ನಾಳೆ ನೀವು ಮಾರುವಾಗ ಎಷ್ಟು ವಾಪಸ್ ಬರುತ್ತದೆ ಎಂಬುದು. ಕಿಲೋಮೀಟರ್ ಯಂತ್ರದ ಲೆಕ್ಕ: ಯಾವ ಭಾಗ ಸವೆದಿದೆ, ಯಾವುದು ಸದ್ಯದಲ್ಲೇ ಖರ್ಚಿಗೆ ಬರುತ್ತದೆ ಎಂಬುದು. ಆದರೆ ಓನರ್ ಸಂಖ್ಯೆ ಆರ್‌ಸಿಯಲ್ಲಿ, ಅಂದರೆ ನೋಂದಣಿ ಪತ್ರದಲ್ಲಿ, ಅಚ್ಚಾಗಿರುತ್ತದೆ. ಕಿಲೋಮೀಟರ್‌ಗೆ ಮೇಲ್ನೋಟಕ್ಕೆ ಕಾಣುವ ಸಾಕ್ಷಿ ಮೀಟರ್ ಒಂದೇ, ಮೀಟರನ್ನು ಲ್ಯಾಪ್‌ಟಾಪ್ ಹಿಡಿದು ಅರ್ಧ ಗಂಟೆಯಲ್ಲಿ ತಿರುಗಿಸುತ್ತಾರೆ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ "ಎಷ್ಟು ಓಡಿದೆ" ಅಲ್ಲ, "ಇಷ್ಟೇ ಓಡಿದೆ ಅನ್ನುವುದಕ್ಕೆ ಏನು ದಾಖಲೆ" ಎಂದು. ಎರಡನೆಯ ಪ್ರಶ್ನೆ, ಗಾಡಿ ಎಷ್ಟು ಬೇಗಬೇಗ ಕೈ ಬದಲಾಯಿಸಿದೆ. ಎಷ್ಟನೇ ಓನರ್ ಎಂಬುದು ಮೂರನೆಯದು, ಅದನ್ನು ಚೌಕಾಸಿಗೆ ಇಟ್ಟುಕೊಳ್ಳಿ.

ಓನರ್ ಸಂಖ್ಯೆಯನ್ನು ಓದುವುದು ಹೇಗೆ

ಆರ್‌ಸಿಯಲ್ಲಿ ಮಾಲೀಕರ ಕ್ರಮಸಂಖ್ಯೆ ಎಂದು ಒಂದು ಅಂಕಿ ಇರುತ್ತದೆ. ಹೆಸರು ಬದಲಾದಾಗಲೆಲ್ಲ ಅದು ಒಂದು ಏರುತ್ತದೆ, ಗಾಡಿ ಓಡಿಸುವವರು ಬದಲಾದಾಗ ಅಲ್ಲ. ಅಪ್ಪ ಮಗನ ಹೆಸರಿಗೆ ಮಾಡಿಕೊಟ್ಟರೆ ಸೆಕೆಂಡ್ ಓನರ್. ಯಜಮಾನರು ತೀರಿಕೊಂಡು ಫಾರಂ 31ರಲ್ಲಿ ಹೆಂಡತಿಯ ಹೆಸರಿಗೆ ಬಂದರೂ ಸೆಕೆಂಡ್ ಓನರ್. ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಯಾವುದೋ ಕಂಪನಿ ತನ್ನ ಮ್ಯಾನೇಜರ್‌ಗೆ ಕೊಟ್ಟಿದ್ದ ಕಾರನ್ನು ಐದು ವರ್ಷ ಆದಮೇಲೆ ಅವರಿಗೇ ಮಾರಿದರೂ ಸೆಕೆಂಡ್ ಓನರ್. ಈ ಮೂರರಲ್ಲೂ ಗಾಡಿ ನಿಂತಿದ್ದು ಅದೇ ಶೆಡ್ಡಿನಲ್ಲಿ, ಸರ್ವೀಸ್ ಆಗಿದ್ದು ಅದೇ ಕಡೆ. ಇಂಥ ಗಾಡಿಗೆ ಮಾರುಕಟ್ಟೆ ಬೆಲೆ ಇಳಿಸುತ್ತದೆ, ಯಂತ್ರಕ್ಕೆ ಏನೂ ಆಗಿರುವುದಿಲ್ಲ. ಕೊಳ್ಳುವವರಿಗೆ ಇದಕ್ಕಿಂತ ಒಳ್ಳೆಯ ಅವಕಾಶ ಕಡಿಮೆ. ಮೊದಲ ಎರಡರಲ್ಲಿ ಹಳೆಯ ಮತ್ತು ಹೊಸ ಮಾಲೀಕರ ವಿಳಾಸ ಒಂದೇ ಇದೆಯೇ ನೋಡಿದರೆ ಸಾಕು.

ಇದರ ಉಲ್ಟಾ ಕೇಸೇ ಅಪಾಯದ್ದು. ಆರ್‌ಸಿಯಲ್ಲಿ ಸಿಂಗಲ್ ಓನರ್ ಅಂತಲೇ ಇದೆ, ಆದರೆ ಆ ವ್ಯಕ್ತಿ ಎರಡು ವರ್ಷದ ಹಿಂದೆಯೇ ಹೆಸರು ವರ್ಗಾವಣೆಯ ಖಾಲಿ 29, 30 ಫಾರಂಗಳಿಗೆ ಸಹಿ ಹಾಕಿ ಗಾಡಿ ಕೊಟ್ಟುಬಿಟ್ಟಿದ್ದಾರೆ. ಆಮೇಲೆ ಅದು ಒಬ್ಬ ಬ್ರೋಕರ್, ಅವರ ಭಾವಮೈದ, ಇನ್ನೊಬ್ಬ ಬ್ರೋಕರ್ ಹೀಗೆ ಸುತ್ತಿದೆ. ಪೇಪರಿನಲ್ಲಿ ಒಬ್ಬರು, ರಸ್ತೆಯಲ್ಲಿ ನಾಲ್ವರು. ಇದನ್ನು ಹಿಡಿಯಲು ಸುಲಭದ ದಾರಿ ಎಂದರೆ ಆರ್‌ಸಿಯಲ್ಲಿರುವ ವ್ಯಕ್ತಿಯ ಜೊತೆ ಖುದ್ದಾಗಿ ಮಾತಾಡುತ್ತೇನೆ ಎಂದು ಪಟ್ಟು ಹಿಡಿಯುವುದು. "ಅವರು ಫಾರಿನ್‌ನಲ್ಲಿದ್ದಾರೆ ಸಾರ್, ಸಹಿ ಎಲ್ಲಾ ಇದೆ" ಎಂಬ ಉತ್ತರ ಬಂದರೆ ವಿಡಿಯೋ ಕಾಲ್ ಕೇಳಿ. ಅದೂ ಆಗಲ್ಲ ಅಂದರೆ ಆ ಗಾಡಿ ಬಿಡಿ. ವರ್ಗಾವಣೆಯ ಆನ್‌ಲೈನ್ ಅರ್ಜಿಗೆ ಮಾಲೀಕರ ಮೊಬೈಲ್‌ಗೇ ಒಟಿಪಿ ಹೋಗುವುದರಿಂದ, ಅವರು ಸಿಗದಿದ್ದರೆ ಸಹಿ ಇಟ್ಟುಕೊಂಡು ನೀವು ಮಾಡುವುದು ಏನೂ ಇಲ್ಲ. ಮಾಲೀಕರು ತೀರಿಕೊಂಡಿದ್ದು, ಅವರ ಹಳೆಯ ಸಹಿಯಲ್ಲೇ ಗಾಡಿ ಮಾರುತ್ತಿದ್ದರೆ ಕಥೆ ಇನ್ನೂ ಕೆಟ್ಟದು; ಮೊದಲು ವಾರಸುದಾರರ ಹೆಸರಿಗೆ ಬರಲೇಬೇಕು.

ಡೀಲರ್ ಹತ್ತಿರ ಕೊಳ್ಳುವವರಿಗೆ ಒಂದು ಅನುಕೂಲ 2023ರ ಏಪ್ರಿಲ್ 1ರಿಂದ ಇದೆ. ಆರ್‌ಟಿಒ ಅಧಿಕಾರಪತ್ರ ಪಡೆದ ಡೀಲರ್‌ಗೆ ಮಾಲೀಕರು ಫಾರಂ 29ಸಿ ಮೂಲಕ ಗಾಡಿ ಒಪ್ಪಿಸಿದರೆ, ಮಾರಾಟ ಆಗುವವರೆಗೆ ಆ ಡೀಲರೇ ಮಾಲೀಕ ಎಂದು ಕಾನೂನು ಪರಿಗಣಿಸುತ್ತದೆ. ಖಾಲಿ ಸಹಿಯ ವ್ಯವಹಾರಕ್ಕೆ ಇದು ಪರ್ಯಾಯ. ಬನ್ನಿಮಂಟಪದ ಕಡೆಯೋ ಹುಣಸೂರು ರಸ್ತೆಯಲ್ಲೋ ಆಟೋ ಕನ್ಸಲ್ಟೆಂಟ್ ಅಂಗಡಿಗೆ ಹೋದಾಗ 29ಸಿ ಆಗಿದೆಯೇ ಎಂದು ಕೇಳಿ. ಅವರು ಮುಖಮುಖ ನೋಡಿಕೊಂಡರೆ ಅದೂ ಒಂದು ಉತ್ತರ.

ಎಷ್ಟು ಜನ ಎಂಬುದಕ್ಕಿಂತ ಪ್ರತಿಯೊಬ್ಬರೂ ಎಷ್ಟು ಕಾಲ ಇಟ್ಟುಕೊಂಡರು ಎಂಬುದನ್ನು ನೋಡಿ. ಮೂರು ಓನರ್, ತಲಾ ಮೂರು ಮೂರು ವರ್ಷ: ಚಿಂತೆ ಇಲ್ಲ, ಪ್ರತಿಯೊಬ್ಬರೂ ಗಾಡಿಯನ್ನು ಬಳಸಿ, ಅವಧಿ ಮುಗಿಸಿ ಮಾರಿದ್ದಾರೆ. ಮೊದಲನೆಯವರು ಆರು ವರ್ಷ, ಎರಡನೆಯವರು ಏಳು ತಿಂಗಳು, ಮೂರನೆಯವರು ಮೂರು ತಿಂಗಳು: ಇದು ಬಿಡುವ ಗಾಡಿ. ಒಬ್ಬರಾದ ಮೇಲೆ ಒಬ್ಬರು ಬೇಗ ಕೈತೊಳೆದುಕೊಂಡಿದ್ದಾರೆ ಅಂದರೆ ಬಗೆಹರಿಯದ ದೋಷವೊಂದು ಇರುವ ಸಂಭವ ಹೆಚ್ಚು: ಬಿಸಿಯಾದಾಗ ಮಾತ್ರ ಬರುವ ಗೇರ್‌ಬಾಕ್ಸ್ ಸದ್ದು, ನೀರು ಕುಡಿಯುವ ಎಂಜಿನ್, ಮಳೆಯಲ್ಲಿ ಕೈಕೊಡುವ ವೈರಿಂಗ್, ದೊಡ್ಡ ಆಕ್ಸಿಡೆಂಟ್ ಆಗಿ ಅಲೈನ್‌ಮೆಂಟ್ ನಿಲ್ಲದ ಚಾಸಿ. ಕಡಿಮೆ ಅವಧಿಗೆ ನ್ಯಾಯವಾದ ಕಾರಣವೂ ಇರಬಹುದು, ವರ್ಗಾವಣೆ ಆಯಿತು, ಮಗು ಹುಟ್ಟಿ ದೊಡ್ಡ ಗಾಡಿ ತೆಗೆದುಕೊಂಡರು. ಹೊಸ ಗಾಡಿ ಮನೆ ಮುಂದೆ ನಿಂತಿದೆಯೇ ನೋಡಿ.

ಈ ತಾರೀಖುಗಳು ಆರ್‌ಸಿಯಲ್ಲಿ ಪೂರ್ತಿ ಸಿಗುವುದಿಲ್ಲ. ಆರ್‌ಟಿಒದಿಂದ ಬಿ ಎಕ್ಸ್‌ಟ್ರಾಕ್ಟ್ (ಗಾಡಿಯ ನೋಂದಣಿ ದಾಖಲೆಯ ಪ್ರತಿ) ತೆಗೆಸಿ. ಹೆಸರು ವರ್ಗಾವಣೆ, ಸಾಲದ ನಮೂದು, ತೆರಿಗೆ ಎಲ್ಲವೂ ಅದರಲ್ಲಿ ಬರುತ್ತವೆ. ಮೈಸೂರು ಪಶ್ಚಿಮದ ಕೆಎ-09, ಪೂರ್ವದ ಕೆಎ-55, ಮಂಡ್ಯದ ಕೆಎ-11, ಹುಣಸೂರಿನ ಕೆಎ-45, ನಾಗಮಂಗಲದ ಕೆಎ-54, ಯಾವುದಾದರೂ ಸರಿ, ಮುಂಗಡ ಕೊಡುವ ಮೊದಲು ಈ ಒಂದು ಕಾಗದ ಕೈಯಲ್ಲಿರಲಿ. ಗಾಡಿ ಮೊದಲು ಹಳದಿ ಬೋರ್ಡಿನ ಟ್ಯಾಕ್ಸಿ ಆಗಿದ್ದು ಆಮೇಲೆ ಸ್ವಂತ ಬಳಕೆಯ ವೈಟ್ ಬೋರ್ಡ್ ಆಯಿತೇ ಎಂಬುದನ್ನೂ ಇಲ್ಲೇ ನೋಡಿ. ಪ್ರವಾಸಿಗರ ಊರಾದ್ದರಿಂದ ಮೈಸೂರಿನಲ್ಲಿ ಟ್ಯಾಕ್ಸಿಯಾಗಿ ದುಡಿದ ಸೆಡಾನ್, ಇನ್ನೋವಾಗಳು ಮಾರುಕಟ್ಟೆಗೆ ಬರುತ್ತಲೇ ಇರುತ್ತವೆ. ಟ್ಯಾಕ್ಸಿಯ ಹಿಂದಿನ ಸೀಟು ಮುಂದಿನದಕ್ಕಿಂತ ಹೆಚ್ಚು ಸವೆದಿರುತ್ತದೆ, ಹಿಂದಿನ ಬಾಗಿಲುಗಳ ಹಿಡಿ ಸಡಿಲವಾಗಿರುತ್ತದೆ. ಸ್ವಂತ ಬಳಕೆಯ ಕಾರಿನಲ್ಲಿ ಹಿಂದಿನ ಸೀಟು ಹೊಸದರಂತೆ ಇರುವುದೇ ಸಹಜ.

ಕಿಲೋಮೀಟರ್ ಸಾಬೀತು ಮಾಡುವುದು

ಇಲ್ಲಿ ಸಮಯ ಕೊಡಿ. ಎರಡು ಗಂಟೆ ಹೋದರೂ ಪರವಾಗಿಲ್ಲ.

ಮೊದಲು ಸರ್ವೀಸ್ ದಾಖಲೆ. ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್‌ನಲ್ಲಿ ನಂಬರ್ ಅಥವಾ ಚಾಸಿ ಸಂಖ್ಯೆ ಕೊಟ್ಟರೆ ಯಾವ ತಾರೀಖು, ಎಷ್ಟು ಕಿ.ಮೀ.ಗೆ ಬಂದಿತ್ತು ಎಂಬ ಪಟ್ಟಿ ಬರುತ್ತದೆ. ಮಾಲೀಕರನ್ನೇ ಜೊತೆಗೆ ಕರೆದುಕೊಂಡು ಹೋದರೆ ತಕರಾರಿಲ್ಲದೆ ಕೊಡುತ್ತಾರೆ. ಸಾಮಾನ್ಯವಾಗಿ ವಾರಂಟಿ ಮುಗಿದ ಮೇಲೆ ಜನ ಹೊರಗಿನ ಗ್ಯಾರೇಜಿಗೆ ಹೋಗುತ್ತಾರೆ, ಹಾಗಾಗಿ ಪಟ್ಟಿ ಮೂರ್ನಾಲ್ಕು ವರ್ಷಕ್ಕೆ ನಿಂತುಹೋಗಬಹುದು. ಅದು ಮೋಸವೇನಲ್ಲ. ಆದರೆ ನಿಂತ ಜಾಗದ ಅಂಕಿಯನ್ನು ನೋಡಿ. ಮೂರು ವರ್ಷಕ್ಕೆ 34,000 ಎಂದು ಕೊನೆಯ ನಮೂದು ಇದ್ದು, ಏಳನೇ ವರ್ಷಕ್ಕೆ ಮೀಟರ್ 38,000 ತೋರಿಸಿದರೆ ಆ ನಾಲ್ಕು ವರ್ಷ ಗಾಡಿ ಎಲ್ಲಿತ್ತು? ಉತ್ತರ ಇರಬಹುದು, ಮಾಲೀಕರು ವಿದೇಶದಲ್ಲಿದ್ದರು ಎಂದೋ ಏನೋ. ಉತ್ತರವನ್ನು ಗಾಡಿಯ ಮೇಲೆ ಹೊಂದಿಸಿ ನೋಡಬೇಕು.

ಆಮೇಲೆ ಟೈರು. ಟೈರಿನ ಪಕ್ಕದಲ್ಲಿ ಡಾಟ್ ಸಂಕೇತದ ಕೊನೆಯ ನಾಲ್ಕು ಅಂಕಿ ತಯಾರಾದ ವಾರ ಮತ್ತು ವರ್ಷ. 1421 ಎಂದರೆ 2021ರ ಹದಿನಾಲ್ಕನೇ ವಾರ. ಈಗ ಲೆಕ್ಕ ಹಾಕಿ. 2018ರ ಗಾಡಿ, ಏಳು ವರ್ಷಕ್ಕೆ 38,000 ಅಂದರೆ ವರ್ಷಕ್ಕೆ ಸುಮಾರು 5,400. ಟೈರು 2021ರಲ್ಲಿ ಬದಲಾಗಿದೆ ಎಂದರೆ ಅಷ್ಟರಲ್ಲಿ ಓಡಿದ್ದು ಬರೀ 16,000. ಕಂಪನಿ ಟೈರು ನಲವತ್ತು ಸಾವಿರ ಕಿ.ಮೀ. ಆಚೀಚೆ ಬಾಳುತ್ತದೆ, 16,000ಕ್ಕೆ ನಾಲ್ಕೂ ಟೈರು ಬದಲಾಯಿಸುವವರು ಯಾರೂ ಇಲ್ಲ. ಒಂದು ಟೈರು ಮಾತ್ರ ಬೇರೆ ವರ್ಷದ್ದಾದರೆ ಪಂಕ್ಚರ್, ಸೈಡ್‌ವಾಲ್ ಕಟ್ ಎನ್ನಬಹುದು. ನಾಲ್ಕೂ ಬೇರೆಯಾದರೆ ಮೀಟರ್ ಮೇಲೆ ಅನುಮಾನ ಬರಲೇಬೇಕು. ಸ್ಟೆಪ್ನಿಯನ್ನೂ ನೋಡಿ. ಅದು ಮೂಲದ್ದೇ ಆಗಿದ್ದರೆ ಗಾಡಿಯ ವಯಸ್ಸು ಅದರಲ್ಲಿರುತ್ತದೆ.

ಕೈ, ಕಾಲು ತಾಗುವ ಜಾಗಗಳು: ಬ್ರೇಕ್ ಮತ್ತು ಕ್ಲಚ್ ಪೆಡಲ್‌ನ ರಬ್ಬರ್, ಸ್ಟೀರಿಂಗ್‌ನ ಮೇಲ್ಭಾಗ, ಗೇರ್ ನಾಬ್, ಡ್ರೈವರ್ ಸೀಟಿನ ಬಾಗಿಲ ಕಡೆಯ ಅಂಚು, ಡ್ರೈವರ್ ಬೆಲ್ಟಿನ ನೇಯ್ಗೆ. 38,000ಕ್ಕೆ ಪೆಡಲ್ ರಬ್ಬರಿನ ಗೆರೆ ಮಾಸಬಾರದು. ಹಳೇ ಪೆಡಲ್ ಮೇಲೆ ಹೊಸ ರಬ್ಬರ್, ಹೊಸ ಸೀಟ್ ಕವರ್, ಹೊಸ ಸ್ಟೀರಿಂಗ್ ಕವರ್ ಮೂರೂ ಒಟ್ಟಿಗೆ ಕಂಡರೆ ಕವರ್ ಬಿಚ್ಚಿಸಿ ನೋಡಿ. ಬ್ರೇಕ್ ಡಿಸ್ಕಿನ ಹೊರ ಅಂಚಿನಲ್ಲಿ ಉಗುರಿಗೆ ತಾಗುವಷ್ಟು ದಪ್ಪ ಏಣು ಎದ್ದಿದ್ದರೆ ಆ ಡಿಸ್ಕ್ ತುಂಬಾ ಓಡಿದೆ.

ಕಾಗದಗಳಲ್ಲಿ ಜನ ಮರೆಯುವುದು ಎರಡು. ಇನ್ಶೂರೆನ್ಸ್ ಕ್ಲೇಮ್ ಆಗಿದ್ದರೆ ಸರ್ವೇಯರ್ ವರದಿಯಲ್ಲಿ, ಪಾಲಿಸಿ ಮಧ್ಯೆ ಲ್ಯಾಪ್ಸ್ ಆಗಿ ಮತ್ತೆ ಮಾಡಿಸಿದ್ದರೆ ಆಗಿನ ತಪಾಸಣೆಯ ಫೋಟೋದಲ್ಲಿ ಮೀಟರ್ ಅಂಕಿ ಇರುತ್ತದೆ. ಇನ್ನೊಂದು ಫಾಸ್ಟ್ಯಾಗ್ ಸ್ಟೇಟ್‌ಮೆಂಟ್. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ 2023ರಲ್ಲಿ ತೆರೆದ ಮೇಲೆ ಗಣಂಗೂರು, ಕಣಿಮಿಣಿಕೆ ಟೋಲ್‌ಗಳ ಮೂಲಕ ಹೋದ ಪ್ರತಿ ಸಲವೂ ದಾಖಲಾಗಿದೆ. ವಾರಕ್ಕೊಮ್ಮೆ ಬೆಂಗಳೂರಿಗೆ ಹೋಗಿಬಂದರೆ ಒಂದು ಸುತ್ತಿಗೆ ಸುಮಾರು 290 ಕಿ.ಮೀ., ವರ್ಷಕ್ಕೆ 15,000 ಅಲ್ಲೇ ಆಯಿತು. "ಮಾರ್ಕೆಟ್‌ಗೆ, ದೇವಸ್ಥಾನಕ್ಕೆ ಬಿಟ್ಟರೆ ತೆಗೆಯಲ್ಲ ಸಾರ್" ಎನ್ನುವವರ ಸ್ಟೇಟ್‌ಮೆಂಟ್‌ನಲ್ಲಿ ಗಣಂಗೂರು ಸಾಲುಸಾಲಾಗಿ ಬಂದರೆ ಮಾತು ಅಲ್ಲಿಗೆ ಮುಗಿಯಿತು. ಹಾಗಂತ ಟೋಲ್ ಕಾಣಲಿಲ್ಲ ಅಂದಮಾತ್ರಕ್ಕೆ ಓಡಿಲ್ಲ ಎನ್ನಲಾಗದು. ಟೋಲ್ ಉಳಿಸಲು ಸರ್ವೀಸ್ ರಸ್ತೆ ಹಿಡಿಯುವವರು ನಮ್ಮಲ್ಲಿ ಬೇಕಾದಷ್ಟು.

ಗಾಡಿಯ ಕಂಪ್ಯೂಟರ್ ಓದುವ ಒಬಿಡಿ ಸ್ಕ್ಯಾನರ್ ಇರುವ ಮೆಕ್ಯಾನಿಕ್ ಆದರೆ ಇನ್ನೂ ಒಳ್ಳೆಯದು. ಕೆಲವು ಗಾಡಿಗಳಲ್ಲಿ ಎಂಜಿನ್ ಕಂಟ್ರೋಲ್ ಯೂನಿಟ್, ಎಬಿಎಸ್ ಮಾಡ್ಯೂಲ್‌ಗಳಲ್ಲೂ ದೂರ ಪ್ರತ್ಯೇಕವಾಗಿ ಉಳಿದಿರುತ್ತದೆ. ಡ್ಯಾಶ್‌ಬೋರ್ಡಿನ ಅಂಕಿ ಬದಲಾಯಿಸಿದವರು ಎಷ್ಟೋ ಸಲ ಅದನ್ನು ಮುಟ್ಟಿರುವುದಿಲ್ಲ.

ಸಿಎನ್‌ಜಿ ಗಾಡಿ ಕಡಿಮೆ ಓಡಿದೆ ಎಂದರೆ ತುಸು ನಗು ಬರಬೇಕು. ದಿನಾ ದೂರ ಓಡಿಸುವವರೇ ಅದಕ್ಕೆ ದುಡ್ಡು ಹಾಕುವುದು. ಅದರ ಸಿಲಿಂಡರಿನ ಹೈಡ್ರೋ ಟೆಸ್ಟ್ (ಒತ್ತಡ ಪರೀಕ್ಷೆ) ಮೂರು ವರ್ಷಕ್ಕೊಮ್ಮೆ ಆಗಿರಬೇಕು, ಹೊರಗೆ ಹಾಕಿಸಿದ ಕಿಟ್ ಆದರೆ ಆರ್‌ಸಿಯಲ್ಲಿ ನಮೂದಾಗಿರಬೇಕು.

ಯಾವ ರಸ್ತೆಯ ಕಿಲೋಮೀಟರ್

ಸಾಬೀತಾದ ಮೇಲೂ ಅಂಕಿ ಪೂರ್ತಿ ಅರ್ಥವಾಗಬೇಕಾದರೆ ಎಲ್ಲಿ ಓಡಿತು ಎಂದು ತಿಳಿಯಬೇಕು. ಎಂಜಿನ್ ಎಷ್ಟು ಗಂಟೆ ತಿರುಗಿತು ಎಂದು ಲೆಕ್ಕ ಹಾಕಿ ನೋಡಿ. ಊರೊಳಗೆ ಸರಾಸರಿ ಗಂಟೆಗೆ 20 ಕಿ.ಮೀ. ವೇಗ ಹಿಡಿದರೆ 40,000 ಕಿ.ಮೀ.ಗೆ 2,000 ಗಂಟೆ. ಹೈವೇಯಲ್ಲಿ ಸರಾಸರಿ 70ರಲ್ಲಿ 80,000 ಕಿ.ಮೀ.ಗೆ ಸುಮಾರು 1,140 ಗಂಟೆ. ದುಪ್ಪಟ್ಟು ಓಡಿದ ಗಾಡಿಯ ಎಂಜಿನ್ ಅರ್ಧದ ಹತ್ತಿರ ದುಡಿದಿದೆ. ಕ್ಲಚ್, ಬ್ರೇಕ್, ಸ್ಟಾರ್ಟರ್ ಮೋಟರ್ ವಿಷಯದಲ್ಲಿ ಅಂತರ ಇನ್ನೂ ಹೆಚ್ಚು.

ಕುವೆಂಪುನಗರದಿಂದ ದೇವರಾಜ ಮಾರುಕಟ್ಟೆಗೆ, ಅಲ್ಲಿಂದ ಶಾಲೆಗೆ, ಶಾಲೆಯಿಂದ ಮನೆಗೆ ಎಂಬಂಥ ಪುಟ್ಟ ಓಡಾಟದಲ್ಲಿ ಎಂಜಿನ್ ಆಯಿಲ್ ಪೂರ್ತಿ ಬಿಸಿಯೇ ಆಗುವುದಿಲ್ಲ. ಒಳಗೆ ಸೇರಿದ ನೀರಾವಿ ಮತ್ತು ಇಂಧನ ಆವಿಯಾಗಿ ಹೋಗದೆ ಆಯಿಲ್ ಕೆಸರಾಗುತ್ತದೆ. ಆಯಿಲ್ ಮುಚ್ಚಳ ತೆಗೆದಾಗ ಕೆನೆಬಣ್ಣದ ಲೋಳೆ ಕಂಡರೆ ಒಂದೋ ಈ ಕಾರಣ, ಅಥವಾ ಹೆಡ್ ಗ್ಯಾಸ್ಕೆಟ್ ಹೋಗಿ ಕೂಲೆಂಟ್ ಸೇರುತ್ತಿದೆ. ಕೂಲೆಂಟ್ ಟ್ಯಾಂಕಿನಲ್ಲಿ ಎಣ್ಣೆಯ ಪದರ ಇದೆಯೇ ನೋಡಿದರೆ ಬೇರ್ಪಡಿಸಬಹುದು. ಬಿಎಸ್6 ಹೊಗೆ ಮಾನದಂಡದ ಡೀಸೆಲ್‌ಗೆ ಊರೊಳಗಿನ ಓಡಾಟ ಇನ್ನೂ ಕೆಟ್ಟದ್ದು. ಡಿಪಿಎಫ್ ಫಿಲ್ಟರಿನಲ್ಲಿ ಸೇರಿದ ಮಸಿ ಸುಟ್ಟುಹೋಗಲು ಇಪ್ಪತ್ತು ನಿಮಿಷವಾದರೂ ಒಂದೇ ವೇಗದ ಓಟ ಬೇಕು. ಅದು ಸಿಗದೆ ಕಟ್ಟಿಕೊಂಡರೆ ಬಿಲ್ಲು ಹತ್ತು ಸಾವಿರಗಳಲ್ಲಿ ಬರುತ್ತದೆ. ಹಾಗಾಗಿ 30,000 ಓಡಿದ "ಸಿಟಿ ಡೀಸೆಲ್"ಗಿಂತ ಮಂಡ್ಯ–ಮೈಸೂರು ದಿನಾ ಓಡಾಡಿದ 90,000ದ ಡೀಸೆಲ್ ವಾಸಿ. ಆ ದಾರಿ ಒಂದು ಕಡೆಗೆ 45 ಕಿ.ಮೀ.; ವರ್ಷಕ್ಕೆ 280 ದಿನ ಹೋಗಿಬಂದರೆ 25,000 ಆಗುತ್ತದೆ. ಅಂಕಿ ದೊಡ್ಡದಾಗಿ ಕಾಣುವುದು ಈ ಕಾರಣಕ್ಕೆ.

ಹೈವೇ ಗಾಡಿಗೂ ತನ್ನದೇ ಸವೆತ ಇದೆ: ಬಾನೆಟ್ ಮೂತಿಯಲ್ಲಿ ಕಲ್ಲೇಟಿನ ಚುಕ್ಕೆಗಳು, ಮುಂದಿನ ಗಾಜಿನಲ್ಲಿ ಬೆಳಕು ಬಿದ್ದಾಗ ಕಾಣುವ ಸಣ್ಣ ಗೀರುಗಳು, ವೀಲ್ ಬೇರಿಂಗ್‌ನ ಗುಂಯ್ ಸದ್ದು. ಇವು ಇದ್ದರೆ ಹೈವೇ ಕಥೆ ನಿಜ. ಹೈವೇ ಗಾಡಿ ಎಂದು ಹೇಳಿ ಬಾನೆಟ್ ಮಾತ್ರ ನುಣ್ಣಗಿದ್ದರೆ, ಅದಕ್ಕೆ ಬಣ್ಣ ಯಾಕೆ ಹೊಡೆಸಿದರು ಎಂದು ಕೇಳಬೇಕಾಗುತ್ತದೆ.

ಮೂರನೆಯ ಬಗೆ ಮಳವಳ್ಳಿ, ಕೆ.ಆರ್. ಪೇಟೆ ಕಡೆಯ ಹಳ್ಳಿ ರಸ್ತೆ, ನಾಲೆ ಏರಿ, ಗದ್ದೆ ದಾರಿಗಳಲ್ಲಿ ಓಡಿದ ಗಾಡಿ. ಇದರ ಎಂಜಿನ್ ಚೆನ್ನಾಗಿರುತ್ತದೆ, ಕೆಳಭಾಗ ಸೋತಿರುತ್ತದೆ: ಲೋಯರ್ ಆರ್ಮ್ ಬುಷ್, ಬಾಲ್ ಜಾಯಿಂಟ್, ಲಿಂಕ್ ರಾಡ್, ಸ್ಟ್ರಟ್ ಮೌಂಟ್. ಸಣ್ಣ ಕಾರಿಗೆ ಇಷ್ಟನ್ನೂ ಹೊಸದು ಹಾಕಿಸಲು ಹದಿನೈದರಿಂದ ಇಪ್ಪತ್ತೈದು ಸಾವಿರ ತಗಲುತ್ತದೆ. ಕಬ್ಬಿನ ಗದ್ದೆ ಪಕ್ಕ ಶೆಡ್ ಇದ್ದರೆ ಇಲಿ ಕಡಿದ ವೈರಿಂಗ್ ಇದೆಯೇ ಎಂದೂ ನೋಡಿ. ಬಾನೆಟ್ ಕೆಳಗಿನ ಶಾಖತಡೆ ಹೊದಿಕೆ ಹರಿದಿರುವುದು, ವೈರುಗಳಿಗೆ ಅಲ್ಲಲ್ಲಿ ಕಪ್ಪು ಟೇಪ್ ಸುತ್ತಿರುವುದು ಅದರ ಗುರುತು.

ನಿಂತೇ ಹಳೆಯದಾದ ಗಾಡಿ

ಮೈಸೂರಿನಲ್ಲಿ ನಿವೃತ್ತರ ಗಾಡಿಗಳು ಹೆಚ್ಚು. ಒಂಬತ್ತು ವರ್ಷಕ್ಕೆ 18,000 ಕಿ.ಮೀ., ಒಬ್ಬರೇ ಓನರ್, ಮೇಲೆ ಹೊದಿಕೆ, ಭಾನುವಾರ ಮಾತ್ರ ಸ್ಟಾರ್ಟ್. ಎರಡೂ ಅಂಕಿಗಳೂ ಚಿನ್ನದಂತೆ ಕಾಣುತ್ತವೆ, ಜನ ಮುಗಿಬೀಳುತ್ತಾರೆ, ಬೆಲೆಯೂ ಜಾಸ್ತಿ ಇರುತ್ತದೆ. ಆದರೆ ರಬ್ಬರು, ಆಯಿಲ್, ಬ್ಯಾಟರಿಗಳು ಕಿಲೋಮೀಟರ್ ನೋಡುವುದಿಲ್ಲ, ವರ್ಷ ನೋಡುತ್ತವೆ. "ಇನ್ನೂ ಹತ್ತು ಸಾವಿರ ಆಗಿಲ್ಲವಲ್ಲ" ಎಂದು ಎರಡು ಮೂರು ವರ್ಷ ಆಯಿಲ್ ಬದಲಾಯಿಸದ ಗಾಡಿಗಳು ಇವುಗಳಲ್ಲೇ ಸಿಗುವುದು. ಬ್ರೇಕ್ ಆಯಿಲ್ ತೇವ ಹೀರಿರುತ್ತದೆ, ಕ್ಯಾಲಿಪರ್ ಪಿನ್ ಹಿಡಿದಿರುತ್ತದೆ, ಎಸಿಯ ಓ-ರಿಂಗ್ ಒಣಗಿ ಗ್ಯಾಸ್ ಸೋರಿರುತ್ತದೆ, ಟೈರಿನ ಪಕ್ಕದಲ್ಲಿ ಕೂದಲೆಳೆ ಬಿರುಕು. ಟೈಮಿಂಗ್ ಬೆಲ್ಟ್ ಇರುವ ಎಂಜಿನ್ ಆದರೆ ಬೆಲ್ಟಿಗೆ ಕಿ.ಮೀ. ಮಿತಿಯ ಜೊತೆ ವರ್ಷದ ಮಿತಿಯೂ ಇರುತ್ತದೆ, ಅದು ತುಂಡಾದರೆ ವಾಲ್ವ್ ಬಾಗಿ ಎಂಜಿನ್ ಬಿಚ್ಚಬೇಕಾದೀತು.

ಸಣ್ಣ ಪೆಟ್ರೋಲ್ ಕಾರಿಗೆ ಅಂದಾಜು: ನಾಲ್ಕು ಟೈರು 18,000, ಬ್ಯಾಟರಿ 5,000, ಎಲ್ಲ ಆಯಿಲ್, ಕೂಲೆಂಟ್, ಫಿಲ್ಟರ್ 8,000, ಬುಷ್ ಮತ್ತು ಹೋಸ್ ಪೈಪ್‌ಗಳು 10,000. ಒಟ್ಟು ನಲವತ್ತೊಂದು ಸಾವಿರ. ಇದನ್ನು ಕೇಳಿದ ಬೆಲೆಯಿಂದ ಕಳೆದು ಕೊಂಡರೆ ಇಂಥ ಗಾಡಿ ಒಳ್ಳೆಯದೇ. ಎಂಜಿನ್, ಗೇರ್‌ಬಾಕ್ಸ್ ನಿಜಕ್ಕೂ ಹೊಸದಿರುತ್ತವೆ. ಕಡಿಮೆ ಓಡಿದ್ದಕ್ಕೆ ಜಾಸ್ತಿ ಕೊಟ್ಟು, ಆಮೇಲೆ ಇದನ್ನೂ ಕೈಯಿಂದ ಹಾಕುವುದೇ ತಪ್ಪು.

ಇದರ ಎದುರು ಇನ್ನೊಂದು ಗಾಡಿ ಇಟ್ಟು ನೋಡಿ: ಸೆಕೆಂಡ್ ಓನರ್, 85,000 ಕಿ.ಮೀ., ಕಳೆದ ವರ್ಷವಷ್ಟೇ ಕ್ಲಚ್ ಸೆಟ್, ಟೈರು, ಮುಂದಿನ ಸಸ್ಪೆನ್ಷನ್ ಹಾಕಿಸಿದ ಬಿಲ್ಲುಗಳಿವೆ. ದೊಡ್ಡ ಖರ್ಚು ಹಿಂದಿನವರದ್ದು, ಅನುಭವಿಸುವುದು ನಿಮ್ಮದು. ನಮ್ಮ ಅಭಿಪ್ರಾಯದಲ್ಲಿ ಹಳೆ ಕಾರು ಮಾರುಕಟ್ಟೆಯಲ್ಲಿ ಅತಿ ಹೆಚ್ಚು ಕಡೆಗಣಿಸಲ್ಪಟ್ಟ ಗಾಡಿ ಇದೇ. ಬಿಲ್ಲಿನಲ್ಲಿ ಗಾಡಿ ನಂಬರು, ಕಿ.ಮೀ. ಇರಬೇಕು, ಅಷ್ಟೇ. ಬಾಯಿಮಾತಿನ "ಎಲ್ಲಾ ಹೊಸದು ಹಾಕ್ಸಿದೀನಿ"ಗೆ ಬೆಲೆ ಇಲ್ಲ.

ಎಲ್ಲಿ ಓನರ್ ಸಂಖ್ಯೆ ನಿಜವಾಗಿ ಗೆಲ್ಲುತ್ತದೆ

ಎರಡು ವರ್ಷದಲ್ಲಿ ಮತ್ತೆ ಮಾರುವ ಯೋಚನೆ ಇದ್ದರೆ ಸಿಂಗಲ್ ಓನರ್ ಗಾಡಿಗೇ ಹೋಗಿ. ನೀವು ಕೊಂಡರೆ ಅದು ಸೆಕೆಂಡ್ ಆಗುತ್ತದೆ, ಮಾರಲು ಕಷ್ಟವಿಲ್ಲ. ಸೆಕೆಂಡ್ ಕೊಂಡರೆ ಮುಂದಿನವರಿಗೆ ಥರ್ಡ್. ಅಲ್ಲಿಂದಾಚೆ ಕೇಳುವವರೂ ಕಡಿಮೆ, ಸಾಲ ಕೊಡಲು ಕೆಲವು ಬ್ಯಾಂಕ್, ಫೈನಾನ್ಸ್‌ಗಳು ಹಿಂಜರಿಯುತ್ತವೆ. ಏಳೆಂಟು ವರ್ಷ ಇಟ್ಟುಕೊಳ್ಳುವುದಾದರೆ ಈ ನಷ್ಟ ವರ್ಷಗಳಲ್ಲಿ ಹಂಚಿಹೋಗಿ ಲೆಕ್ಕಕ್ಕೇ ಬರುವುದಿಲ್ಲ. ಹದಿನೈದು ವರ್ಷಕ್ಕೆ ಆರ್‌ಸಿ ನವೀಕರಣದ ಹೊತ್ತಿಗೆ ಎಷ್ಟನೇ ಓನರ್ ಎಂದು ಯಾರೂ ಕೇಳುವುದಿಲ್ಲ, ಗಾಡಿ ಓಡುತ್ತದೆಯೇ ಎಂದಷ್ಟೇ.

ಎಲೆಕ್ಟ್ರಿಕ್ ಕಾರಿನಲ್ಲೂ ಓನರ್ ಸಂಖ್ಯೆಗೆ ನೇರ ಬೆಲೆ ಇದೆ, ಯಾಕೆಂದರೆ ಕೆಲವು ಕಂಪನಿಗಳ ಬ್ಯಾಟರಿ ವಾರಂಟಿ ಮೊದಲ ಮಾಲೀಕರಿಗೆ ಪೂರ್ತಿ, ಮುಂದಿನವರಿಗೆ ಮೊಟಕು. ಆಟೋಮ್ಯಾಟಿಕ್ ಗಾಡಿಗಳಲ್ಲಿ ಗೇರ್‌ಬಾಕ್ಸ್ ಆಯಿಲ್ ಸಮಯಕ್ಕೆ ಬದಲಾಗಿದೆಯೇ ಎಂಬುದೇ ಮುಖ್ಯ, ಕೈ ಬದಲಾದಷ್ಟೂ ಆ ದಾಖಲೆ ಕಳೆದುಹೋಗುತ್ತದೆ. ದಾಖಲೆ ಇಲ್ಲದ ಥರ್ಡ್ ಓನರ್ ಆಟೋಮ್ಯಾಟಿಕ್ ಎಷ್ಟೇ ಅಗ್ಗವಾದರೂ ಬೇಡ.

ಓನರ್ ಸಂಖ್ಯೆಯ ಜೊತೆಗೆ ಓದಬೇಕಾದ ಇನ್ನೊಂದು ಅಂಕಿ ಪಾಲಿಸಿಯಲ್ಲಿರುವ ಎನ್‌ಸಿಬಿ, ಅಂದರೆ ನೋ ಕ್ಲೇಮ್ ಬೋನಸ್ ಎಂಬ ಪ್ರೀಮಿಯಂ ರಿಯಾಯಿತಿ. ಕ್ಲೇಮ್ ಇಲ್ಲದ ವರ್ಷಗಳಿಗೆ ಅದು 20, 25, 35, 45, 50 ಪರ್ಸೆಂಟ್ ಎಂದು ಏರುತ್ತದೆ, ಕ್ಲೇಮ್ ಮಾಡಿದರೆ ಸೊನ್ನೆಗೆ ಬೀಳುತ್ತದೆ. ಏಳು ವರ್ಷದ ಸಿಂಗಲ್ ಓನರ್ ಗಾಡಿಯಲ್ಲಿ 20 ಎಂದಿದ್ದರೆ ಇತ್ತೀಚೆಗೇ ಏನೋ ಕ್ಲೇಮ್ ಆಗಿರುವ ಸಂಭವ ಹೆಚ್ಚು. ಸೆಕೆಂಡ್ ಓನರ್ ಬಳಿ ಕಡಿಮೆ ಇದ್ದರೆ ಹಾಗೆ ತೀರ್ಮಾನಿಸಬೇಡಿ. ಎನ್‌ಸಿಬಿ ಗಾಡಿಯ ಜೊತೆ ಬರುವುದಿಲ್ಲ, ಮಾರಿದವರ ಜೊತೆ ಹೋಗುತ್ತದೆ.

ಆಕ್ಸಿಡೆಂಟ್, ನೀರಿನಲ್ಲಿ ಮುಳುಗಿದ ಗಾಡಿಗೆ ಮೇಲಿನ ಹೋಲಿಕೆ ಯಾವುದೂ ಅನ್ವಯಿಸದು. ಬಾನೆಟ್ ಕೆಳಗಿನ ಏಪ್ರನ್, ಫೆಂಡರ್ ಬೋಲ್ಟ್‌ಗಳ ಬಣ್ಣ ಎದ್ದಿದೆಯೇ, ಬಾಗಿಲ ಪಿಲ್ಲರ್‌ನ ರಬ್ಬರ್ ಎಳೆದರೆ ಕಂಪನಿಯ ಗುಂಡನೆಯ ಸ್ಪಾಟ್ ವೆಲ್ಡ್‌ಗಳು ಸಾಲಾಗಿವೆಯೇ ನೋಡಿ. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದಾಗ ಕೆಸರಿನ ಗೆರೆ, ಸೀಟಿನ ರೈಲಿನಲ್ಲಿ ತುಕ್ಕು, ಸ್ಟೆಪ್ನಿ ಗುಂಡಿಯಲ್ಲಿ ಮಣ್ಣು ಕಂಡರೆ ಅದು ಮುಳುಗಿದ ಗಾಡಿ. 2022ರ ಆಗಸ್ಟ್ ಮಳೆಯಲ್ಲಿ ರಾಮನಗರದ ಬಳಿ ಹೆದ್ದಾರಿಯೇ ಕೆರೆಯಾಗಿತ್ತು. ಬೆಂಗಳೂರಿನ ಬೇಸ್‌ಮೆಂಟ್‌ಗಳಂತೂ ಆಗಾಗ ತುಂಬುತ್ತವೆ. ಅಂಥ ಗಾಡಿ ತೊಳೆದು, ಒಣಗಿಸಿ, ನೂರು ಮೈಲಿ ದೂರದ ಊರಿಗೆ ಬಂದು "ಡಾಕ್ಟರ್ ಗಾಡಿ, ಸಿಂಗಲ್ ಓನರ್" ಆಗುವುದು ಕಷ್ಟವೇನಲ್ಲ.

ಓಡಿಸಿ ನೋಡುವುದು

ಬೆಳಿಗ್ಗೆ ಹೋಗಿ, ಬಾನೆಟ್ ಮೇಲೆ ಕೈ ಇಡಿ. ಬಿಸಿ ಇದ್ದರೆ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದಾರೆ. ತಣ್ಣಗಿನ ಎಂಜಿನ್ ಸ್ಟಾರ್ಟ್ ಆಗುವಾಗ ಟಕಟಕ ಸದ್ದು, ನೀಲಿ ಹೊಗೆ ಗಮನಿಸಿ. ರಿಂಗ್ ರಸ್ತೆಯಲ್ಲಿ 80ಕ್ಕೆ ಹೋದಾಗ ಸ್ಟೀರಿಂಗ್ ನಡುಗಿದರೆ ವೀಲ್ ಬ್ಯಾಲೆನ್ಸ್ ಅಥವಾ ರಿಮ್. ಬ್ರೇಕ್ ಒತ್ತಿದಾಗ ಮಾತ್ರ ನಡುಗಿದರೆ ಡಿಸ್ಕ್. ನಾಲ್ಕನೇ ಗೇರಿನಲ್ಲಿ 40ರಲ್ಲಿ ಹೋಗುತ್ತಾ ಆಕ್ಸಿಲರೇಟರ್ ಪೂರ್ತಿ ಒತ್ತಿ. ಎಂಜಿನ್ ಸದ್ದು ಏರಿ ವೇಗ ಏರದಿದ್ದರೆ ಕ್ಲಚ್ ಮುಗಿದಿದೆ.

ಆಮೇಲೆ ಚಾಮುಂಡಿ ಬೆಟ್ಟ. ಹಳೆ ಕಾರು ಪರೀಕ್ಷೆಗೆ ಇದಕ್ಕಿಂತ ಒಳ್ಳೆಯ ರಸ್ತೆ ಸುತ್ತಮುತ್ತ ಇಲ್ಲ. ನಾಲ್ಕು ಜನ ಕೂತು, ಎಸಿ ಹಾಕಿ, ಹತ್ತುವಾಗ ಟೆಂಪರೇಚರ್ ಸೂಚಿ ನಡುವಿನಿಂದ ಮೇಲೇಳಬಾರದು. ಮೇಲೆ ನಿಲ್ಲಿಸಿ ಎಂಜಿನ್ ಆಫ್ ಮಾಡದೆ ಹತ್ತು ನಿಮಿಷ ಬಿಡಿ, ಫ್ಯಾನ್ ತಾನಾಗಿ ಶುರುವಾಗಿ ನಿಲ್ಲಬೇಕು. ಗೇರಿನಲ್ಲೇ ಇಳಿದು, ಕೆಳಗೆ ಬಂದ ಕೂಡಲೇ ಜೋರಾಗಿ ಆಕ್ಸಿಲರೇಟರ್ ಕೊಟ್ಟಾಗ ಹಿಂದೆ ನೀಲಿ ಹೊಗೆ ಎದ್ದರೆ ವಾಲ್ವ್ ಸೀಲ್ ಸೋರುತ್ತಿದೆ. 38,000 ಓಡಿದೆ ಎನ್ನುವ ಗಾಡಿ ಹೀಗೆ ಮಾಡಬಾರದು.

ಮೊದಲು ಹೇಳಿದ ಎರಡು ಗಾಡಿಗಳಿಗೆ ವಾಪಸ್ ಬಂದರೆ: ಮೈಸೂರಿನದಕ್ಕೆ ಸರ್ವೀಸ್ ಪಟ್ಟಿ, ಟೈರು, ಪೆಡಲ್ ಮೂರೂ 38,000ಕ್ಕೆ ಹೊಂದಿದರೆ ಅದನ್ನೇ ಕೊಳ್ಳಿ, ನಲವತ್ತು ಸಾವಿರ ಹೆಚ್ಚಿಗೆ ಕೊಟ್ಟದ್ದು ಸರಿ. ಮೂರರಲ್ಲಿ ಎರಡು ಹೊಂದದಿದ್ದರೆ ಅದನ್ನು ಎಷ್ಟು ಓಡಿದೆಯೋ ಗೊತ್ತಿಲ್ಲದ ಗಾಡಿ ಎಂದೇ ಎಣಿಸಿ. ಆಗ 82,000ಕ್ಕೆ ಸರ್ವೀಸ್‌ನ ಜಾಬ್ ಕಾರ್ಡ್ ಇರುವ ಮಂಡ್ಯದ್ದೇ ಮೇಲು. ಸೆಕೆಂಡ್ ಓನರ್ ಅನ್ನುವುದನ್ನು ಮುಂದಿಟ್ಟು ಇನ್ನೂ ಹತ್ತು ಸಾವಿರ ಇಳಿಸಿ ಕೇಳಬಹುದು.

ಮುಂಗಡದ ರಸೀದಿಯಲ್ಲಿ ಗಾಡಿ ನಂಬರು, ಚಾಸಿ ಸಂಖ್ಯೆ, ಮೀಟರ್ ಅಂಕಿ, ಒಪ್ಪಿದ ಬೆಲೆ ಬರೆಸಿ. ಮೀಟರ್ ಅಂಕಿ ಬರೆಯಲು ತಡವರಿಸುವವರು ಯಾಕೆ ತಡವರಿಸುತ್ತಾರೆ ಎಂದು ಹೇಳಬೇಕಿಲ್ಲ. ಸಾಲ ಇದ್ದ ಗಾಡಿಯಾದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲ ಎಂಬ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35, ಕೇರಳ, ತಮಿಳುನಾಡಿನ ಗಾಡಿಯಾದರೆ ಫಾರಂ 28ರ ಎನ್‌ಒಸಿ ಜೊತೆಗೆ ಇಲ್ಲಿ ಕಟ್ಟಬೇಕಾದ ಲೈಫ್ ಟ್ಯಾಕ್ಸ್ ಎಷ್ಟು ಎಂಬ ಲೆಕ್ಕ ಮೊದಲೇ ಆಗಲಿ. ಬಾಕಿ ಟ್ರಾಫಿಕ್ ದಂಡವನ್ನು ನಂಬರ್ ಹಾಕಿ ನೋಡಿ; ಎಕ್ಸ್‌ಪ್ರೆಸ್‌ವೇ ಕ್ಯಾಮೆರಾಗಳಿಂದಾಗಿ ಮಾಲೀಕರಿಗೇ ಗೊತ್ತಿಲ್ಲದ ನೋಟಿಸ್‌ಗಳು ಇರುತ್ತವೆ. ಡೆಲಿವರಿ ನೋಟ್‌ನಲ್ಲಿ ತಾರೀಖಿನ ಜೊತೆ ಗಂಟೆಯನ್ನೂ ಬರೆಸಿಕೊಳ್ಳಿ. ಒಂದೇ ರಾಜ್ಯದೊಳಗಾದರೆ ಮಾರಿದವರು 14 ದಿನದಲ್ಲಿ, ಕೊಂಡವರು 30 ದಿನದಲ್ಲಿ ಆರ್‌ಟಿಒಗೆ ತಿಳಿಸಬೇಕು. ಥರ್ಡ್ ಪಾರ್ಟಿ ವಿಮೆ ತಾನಾಗಿ ನಿಮಗೆ ಬರುತ್ತದೆ, ಆದರೆ ನಿಮ್ಮ ಗಾಡಿಯ ಹಾನಿಗೆ ರಕ್ಷಣೆ ಬೇಕಾದರೆ 14 ದಿನದೊಳಗೆ ವಿಮಾ ಕಂಪನಿಗೆ ಅರ್ಜಿ ಕೊಡಬೇಕು. ಹಳೆಯ ಮಾಲೀಕರ ಫಾಸ್ಟ್ಯಾಗ್ ಮುಚ್ಚಿಸುವುದು ಡೆಲಿವರಿ ದಿನವೇ ಆಗಲಿ, ಇಲ್ಲದಿದ್ದರೆ ಗಣಂಗೂರಿನಲ್ಲಿ ನಿಮ್ಮ ಟೋಲ್ ಅವರ ಖಾತೆಯಿಂದ ಹೋಗಿ, ಫೋನು ನಿಮಗೆ ಬರುತ್ತದೆ.